ರೈಡ್ ನಿಂತಿದ್ದರೆ ಬೈಯಬೇಡಿ

ನಾನು ತುಮಕೂರಿನವನು. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಫಿಟ್ಟರ್. ರೋಲರ್ ಕೋಸ್ಟರ್ ಅಂದ್ರೆ ನನಗೆ ಪ್ರಾಣ. 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ ಶುರುವಾದಾಗಿನಿಂದ ಹಿಡಿದ ಹುಚ್ಚು ಇದು.

ಕೋಸ್ಟರ್ ಗಾಡಿಯ ಚಕ್ರಗಳನ್ನು ಒಮ್ಮೆ ಗಮನಿಸಿ. ಹಳಿಯ ಮೇಲೆ ಭಾರ ಹೊರುವುದು ಒಂದು. ಪಕ್ಕಕ್ಕೆ ಸರಿಯದಂತೆ ತಡೆಯುವುದು ಇನ್ನೊಂದು. ಹಳಿಯ ಅಡಿಯಲ್ಲಿ ಕೂತು, ಗಾಡಿ ಮೇಲಕ್ಕೆ ಏಳದಂತೆ ಹಿಡಿಯುವುದು ಮೂರನೆಯದು. ಸ್ಟೀಲ್ ಕೋಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಇವಕ್ಕೆ ಪಾಲಿಯುರೆಥೇನ್ ಅನ್ನುವ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಸವೆದರೆ ಗಾಡಿ ಗಡಗಡ ಅನ್ನುತ್ತದೆ. ಬೇರಿಂಗ್ ಹೋಗಿದ್ದರೆ ಸದ್ದೇ ಬೇರೆ. ಪಳಗಿದ ಕಿವಿಗೆ ಗೊತ್ತಾಗಿಬಿಡುತ್ತದೆ.

ಬೆಳಿಗ್ಗೆ ಜನ ಬರುವ ಮುಂಚೆ ಗಾಡಿಯನ್ನು ಖಾಲಿ ಓಡಿಸಿ ನೋಡಬೇಕು. ಬ್ರೇಕ್, ಸೆನ್ಸರ್, ಕೂತವರನ್ನು ತೊಡೆಯ ಮೇಲೆ ಒತ್ತಿ ಹಿಡಿಯುವ ಲ್ಯಾಪ್ ಬಾರ್ ಎಲ್ಲ ಪರೀಕ್ಷಿಸಬೇಕು. ನಡುವೆ ಸೆನ್ಸರ್ ಲೆಕ್ಕ ಸ್ವಲ್ಪ ತಪ್ಪಿದರೂ ರೈಡ್ ತಾನೇ ನಿಲ್ಲುತ್ತದೆ. ನಿಲ್ಲಿಸೋದಕ್ಕೇ ತಾನೆ ಅದನ್ನು ಹಾಕಿರುವುದು? ಕ್ಯೂನಲ್ಲಿ ನಿಂತವರು ಸುಮ್ನೆ ಕೂಗಾಡುತ್ತಾರೆ. ಕೆಲಸದವರನ್ನು ಬೈಯುವುದು ಕಂಡರೆ ನನಗೆ ಸಂಕಟ.

ಹಾಗಂತ ಏನು ಕೊಟ್ಟರೂ ಒಪ್ಪಬೇಕು ಅಂತಲ್ಲ. ಕಳೆದ ಬೇಸಿಗೆ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಜೈಂಟ್ ವ್ಹೀಲ್ ತೊಟ್ಟಿಲಿಗೆ, ಕೀಲು ಕಳಚದಂತೆ ಹಾಕುವ ಕಾಟರ್ ಪಿನ್ ಬದಲು ಬೈಂಡಿಂಗ್ ವೈರ್ ಸುತ್ತಿದ್ದರು. ತೋರಿಸಿದರೆ, "ಏನೂ ಆಗಲ್ಲ ಬನ್ನಿ ಸಾರ್" ಅಂದರು. ಅಕ್ಕನ ಮಗಳು ಎಷ್ಟು ಅತ್ತರೂ ಹತ್ತಿಸಲಿಲ್ಲ.

ಬಣ್ಣ ಮಾಸಿದ್ದರೆ ಪರವಾಗಿಲ್ಲ. ಟಿಕೆಟ್ ಬೇಕಾದರೆ ಜಾಸ್ತಿ ಮಾಡಲಿ, ಕೊಡುತ್ತೇನೆ. ಪಿನ್ ಮಾತ್ರ ಸರಿಯಾದದ್ದೇ ಹಾಕಲಿ.