ಮೈನಸ್ 16ರಲ್ಲಿ ನೀರಾಟ

ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಫೆಬ್ರವರೀಲಿ ಮಕ್ಕಳನ್ನ ನೀರಿಗೆ ಇಳಿಸ್ತೀಯಾ? ಮೊನ್ನೆ ತಾನೇ ಕೆಮ್ಮು ಬಿಟ್ಟಿದೆ ಅಂದೆ. ನಿಂಗೇನು ಬಂತೇ?" ಎಂದು ಬೈದಳು. ನೀರು ಬಯಲಲ್ಲಿ ಇಲ್ಲಮ್ಮ, ಕಟ್ಟಡದ ಒಳಗೆ, ಬೆಚ್ಚಗಿರುತ್ತೆ ಎಂದೆ. ಅವಳ ಕಣ್ಣಿಗೆ ಬಂದದ್ದು ಬಚ್ಚಲುಮನೆ. "ಬಚ್ಚಲಲ್ಲಿ ಆಡೋಕೆ ಮುನ್ನೂರು ಕಿಲೋಮೀಟರ್ ಹೋಗ್ಬೇಕಾ?"

ಈಗ ಯೋಚಿಸಿದರೆ ಅಮ್ಮ ಹೇಳಿದ್ದು ಸರಿಯೇ. ನಾವು ಹೋದದ್ದು ಸೂರಿನಡಿಯ ವಾಟರ್‌ಪಾರ್ಕ್ ಎಂಬ ಒಂದು ದೊಡ್ಡ ಬಚ್ಚಲುಮನೆಗೇ.

ನಾವಿರುವುದು ಶಿಕಾಗೊ ಪಕ್ಕದಲ್ಲಿ. ಮಗನಿಗೆ ಐದು ವರ್ಷ, ಮಗಳಿಗೆ ಎರಡೂವರೆ. ಇಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಂಥ ಮಕ್ಕಳನ್ನು ಮನೆಯೊಳಗೆ ಸಂಭಾಳಿಸುವುದೇ ಒಂದು ನೌಕರಿ. ಹತ್ತು ನಿಮಿಷ ಹೊರಗೆ ಬಿಡಬೇಕಾದರೂ ಜಾಕೆಟ್, ಸ್ನೋ ಪ್ಯಾಂಟ್, ಬೂಟು, ಟೋಪಿ, ಗ್ಲೌಸು ಹಾಕಲು ಇಪ್ಪತ್ತು ನಿಮಿಷ ಬೇಕು. ಕೊನೆಯ ಗ್ಲೌಸು ಏರಿಸುವಾಗ "ಅಮ್ಮಾ, ಸುಸ್ಸು" ಅನ್ನುತ್ತಾರೆ. ಫೆಬ್ರವರಿ ಹೊತ್ತಿಗೆ ಸೋಫಾದ ಸ್ಪ್ರಿಂಗಿಗೂ ನನಗೂ ಒಂದೇ ಸ್ಥಿತಿ. ಆ ತಿಂಗಳ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ, ಶಾಲೆಗೆ ರಜೆ. ಭಾನುವಾರ ಹೋಗಿ ಸೋಮವಾರ ಬರುವುದೆಂದು ಗೊತ್ತುಮಾಡಿದೆವು.

ಹೋದದ್ದು ವಿಸ್ಕಾನ್ಸಿನ್ ಡೆಲ್ಸ್‌ಗೆ. ನಮ್ಮ ಮನೆಯಿಂದ ಐ-90 ಹೈವೇ ಹಿಡಿದು ಮ್ಯಾಡಿಸನ್ ನಗರ ದಾಟಿದರೆ ಒಟ್ಟು ಮೂರು ಗಂಟೆ ದಾರಿ. ಜನಸಂಖ್ಯೆ ಕೆಲವೇ ಸಾವಿರ ಇರುವ ಪುಟ್ಟ ಊರು. ಆದರೆ ತನ್ನನ್ನು ತಾನು 'ಜಗತ್ತಿನ ವಾಟರ್‌ಪಾರ್ಕ್ ರಾಜಧಾನಿ' ಎಂದು ಕರೆದುಕೊಳ್ಳುತ್ತದೆ. ಮೊದಲು ಇದು ನದಿ ನೋಡಲು ಬರುವವರ ಊರಾಗಿತ್ತು. ವಿಸ್ಕಾನ್ಸಿನ್ ನದಿ ಇಲ್ಲಿ ಮರಳುಗಲ್ಲಿನ ಬಂಡೆಗಳ ನಡುವೆ ಹರಿಯುತ್ತದೆ. ಜನ ಬೇಸಿಗೆಯಲ್ಲಿ ಬಂದು ದೋಣಿ ಹತ್ತುತ್ತಿದ್ದರು, ಚಳಿಗೆ ಊರು ಬಾಗಿಲು ಹಾಕುತ್ತಿತ್ತು. 1990ರ ದಶಕದಲ್ಲಿ ಇಲ್ಲಿನ ಹೋಟೆಲಿನವರು ನೀರಾಟಕ್ಕೆ ಸೂರು ಹಾಕಿದರು. ಅಲ್ಲಿಂದ ಚಳಿಗಾಲವೂ ಸೀಸನ್ ಆಯಿತು. ದೇಶದ ಬೇರೆ ಕಡೆಗಳಲ್ಲೂ ಶಾಖೆ ತೆರೆದ ದೊಡ್ಡ ಕಂಪನಿಗಳು ಹುಟ್ಟಿದ್ದು ಈ ಊರಲ್ಲೇ. ಹೋಟೆಲು ಮತ್ತು ವಾಟರ್‌ಪಾರ್ಕ್ ಒಂದೇ ಕಟ್ಟಡದಲ್ಲಿ ಇರುವುದು ಇದರ ಗುಟ್ಟು. ಒದ್ದೆ ಮಗುವನ್ನು ಟವೆಲಿನಲ್ಲಿ ಸುತ್ತಿ, ಲಿಫ್ಟ್ ಹತ್ತಿ ನೇರ ರೂಮಿಗೆ ಹೋಗಬಹುದು.

ರೇಟು ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ ಅಲ್ವಾ. ನಾಲ್ಕು ಜನಕ್ಕೆ ಒಂದು ರಾತ್ರಿಗೆ 260 ಡಾಲರ್ ತೋರಿಸಿತು. ಹಣ ಕಟ್ಟುವ ಪುಟಕ್ಕೆ ಬಂದಾಗ ರೆಸಾರ್ಟ್ ಫೀ ಅಂತ ಒಂದು ಸೇರಿತು, ತೆರಿಗೆ ಇನ್ನೊಂದು. 340 ದಾಟಿತು. ನೀರಿನ ಟಿಕೆಟ್ಟು ಅದರಲ್ಲೇ ಬಂತು ಅನ್ನಿ. ರೂಮು ಸಿಗುವುದು ಸಂಜೆ ನಾಲ್ಕಕ್ಕೆ, ಆದರೆ ಮಧ್ಯಾಹ್ನ ಒಂದಕ್ಕೇ ನೀರಿಗೆ ಇಳಿಯಬಹುದು. ಮರುದಿನ ಹನ್ನೊಂದಕ್ಕೆ ರೂಮು ಬಿಟ್ಟರೂ ಪಾರ್ಕ್ ಮುಚ್ಚುವವರೆಗೆ ಆಡಬಹುದು. ಹಾಗಾಗಿ ಒಂದು ರಾತ್ರಿಯ ದುಡ್ಡಿಗೆ ಎರಡು ದಿನದ ಆಟ. ಎರಡು ರಾತ್ರಿ ತಗೊಳ್ಳುವವರನ್ನು ಕಂಡರೆ ನನಗೆ ಆಶ್ಚರ್ಯ. ಅಷ್ಟು ಶಕ್ತಿ ಎಲ್ಲಿಂದ ತರುತ್ತಾರೋ. ಈಜುಬಟ್ಟೆ, ಟವೆಲ್, ಡಯಾಪರ್ ಇರುವ ಚೀಲ ಮಾತ್ರ ಬೇರೆ ಇಟ್ಟುಕೊಳ್ಳಿ. ನಾನು ಸೂಟ್‌ಕೇಸಿನ ತಳದಲ್ಲಿ ತುಂಬಿದ್ದೆ. ಲಾಬಿಯ ಮಧ್ಯೆ ಅದನ್ನು ಬಿಚ್ಚಿ ಹುಡುಕಿದಾಗ ಮೊದಲು ಆಚೆ ಬಂದದ್ದು ಪುಳಿಯೋಗರೆ ಗೊಜ್ಜಿನ ಡಬ್ಬಿ.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕನ್ನಡಕ ಪೂರ್ತಿ ಮಂಜಾಯಿತು. ಹೊರಗೆ ಮೈನಸ್ 16 ಸೆಲ್ಸಿಯಸ್, ಒಳಗೆ 84 ಫ್ಯಾರನ್‌ಹೀಟ್, ಅಂದರೆ ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ 29. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮಗ ಕಾಣಿಸಲಿಲ್ಲ. ಎದೆ ಧಸಕ್ ಎಂದಿತು. ಮೂರು ಹೆಜ್ಜೆ ಆಚೆ ಅಪ್ಪನ ಕೈ ಹಿಡಿದು ನಿಂತಿದ್ದ ಅಷ್ಟೇ. ಆ ಮೂರು ಸೆಕೆಂಡಿನ ಭಯ ಎರಡು ದಿನವೂ ಹೋಗಲಿಲ್ಲ, ಹೋಗಲೂಬಾರದು. ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಲ್ಲಿ ಮುಳುಗುವುದು. ಮೊಣಕಾಲುದ್ದದ ನೀರಾದರೂ ಮಗು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. ತೋಳಿಗೆ ಹಾಕುವ ಗಾಳಿ ಬಲೂನುಗಳನ್ನು ಒಳಗೆ ಬಿಡಲಿಲ್ಲ. ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ಅವರೇ ಪುಕ್ಕಟೆ ಕೊಟ್ಟರು. ಮಗಳು ಅದರಲ್ಲಿ ಕಿತ್ತಳೆ ಬಣ್ಣದ ಮೂಟೆಯಂತೆ ಕಾಣುತ್ತಿದ್ದಳು. ಲೈಫ್‌ಗಾರ್ಡುಗಳು ಕೂತು ಫೋನು ನೋಡುವವರಲ್ಲ. ನೀರಿನ ಅಂಚಿನಲ್ಲಿ ಆಚೀಚೆ ನಡೆಯುತ್ತ, ಗಡಿಯಾರದ ಲೋಲಕದಂತೆ ತಲೆ ಆಡಿಸುತ್ತ ನೀರಿನ ತಳ ನೋಡುತ್ತಲೇ ಇರುತ್ತಾರೆ. ಹಾಗಂತ ನಾವು ಫೋನು ನೋಡಬಹುದು ಎಂದಲ್ಲ.

ಮಗ ಮನೆಯಲ್ಲೇ ವಿಡಿಯೋ ನೋಡಿ ಒಂದು ಹಸಿರು ಸ್ಲೈಡನ್ನು ತನ್ನದೆಂದು ಆರಿಸಿಕೊಂಡಿದ್ದ. ಅದರ ಬುಡದಲ್ಲಿ ಒಂದು ಅಳತೆ ಕೋಲು. 42 ಇಂಚು, ಅಂದರೆ ಮೂರೂವರೆ ಅಡಿ ಇರಬೇಕು. ನಮ್ಮವನು 41. ಇದು ಗೊತ್ತಿದ್ದೂ ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ, ಅದು ನನ್ನ ತಪ್ಪು. ಹೊರಡುವ ಮೊದಲೇ ಅಳೆದು ಮಕ್ಕಳಿಗೆ ಹೇಳಿಬಿಡಬೇಕು. ಅವನು ಕೋಲಿಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿದ. ಹಿಮ್ಮಡಿ ಎತ್ತಿದ. ಒದ್ದೆ ಕೂದಲನ್ನು ಎರಡೂ ಕೈಯಲ್ಲಿ ಮೇಲಕ್ಕೆ ಬಾಚಿ ಹುಂಜದ ಜುಟ್ಟಿನಂತೆ ನಿಲ್ಲಿಸಿದ. ಲೈಫ್‌ಗಾರ್ಡ್ ಹುಡುಗಿ ನಗುತ್ತಲೇ ಆ ಜುಟ್ಟಿನ ಮೇಲೆ ಅಂಗೈ ಇಟ್ಟು ಒತ್ತಿದಳು. "ಸಾರಿ ಬಡ್ಡಿ" ಎಂದಳು. ಅಸಲು ಹೇಗೂ ನಾವು ಕಟ್ಟಿಯಾಗಿತ್ತು.

ಇದೇ ಊರಲ್ಲಿ ಹಿಂದೆ ಎಚ್. ಎಚ್. ಬೆನೆಟ್ ಎಂಬ ಫೋಟೋಗ್ರಾಫರ್ ಇದ್ದ. 1886ರಲ್ಲಿ ಅವನು ತನ್ನ ಸ್ವಂತ ಮಗನನ್ನು ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಿಸಿ, ಗಾಳಿಯಲ್ಲಿದ್ದಾಗಲೇ ಫೋಟೋ ತೆಗೆದ. ಆ ಚಿತ್ರ ಇವತ್ತಿಗೂ ಪ್ರಸಿದ್ಧ. ಕೆಳಗೆ ದೊಡ್ಡ ಪ್ರಪಾತ. ಈಗ ಬೇಸಿಗೆಯಲ್ಲಿ ದೋಣಿಯಲ್ಲಿ ಬರುವ ಪ್ರವಾಸಿಗರಿಗಾಗಿ ಅದೇ ಜಾಗದಲ್ಲಿ ತರಬೇತಿ ಪಡೆದ ನಾಯಿ ಹಾರುತ್ತದೆ. ಇಂಥ ಊರಲ್ಲಿ ನನ್ನ ಮಗನಿಗೆ ಒಂದು ಇಂಚು ಅಡ್ಡ ಬಂತು. ಹುಡುಗಿಯ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೇ ಆಯಿತು.

ಅವನು ಹತ್ತು ನಿಮಿಷ ಅತ್ತ. ಆಮೇಲೆ ಗಂಟೆ ಢಣಢಣ ಬಾರಿಸಿತು. ಚಿಕ್ಕವರ ಜಾಗದ ಮೇಲೆ ಒಂದು ದೈತ್ಯ ಬಕೆಟ್ ತೂಗುತ್ತಿರುತ್ತದೆ. ತುಂಬಿದರೆ ಗಂಟೆ ಬಾರಿಸಿ ತಾನಾಗಿ ಮಗುಚಿಕೊಳ್ಳುತ್ತದೆ. ಸಾವಿರ ಗ್ಯಾಲನ್ ಅಂತೆ, ಅಂದರೆ 3,800 ಲೀಟರ್ ಹತ್ತಿರ. ನೀರು ದಬದಬ ಬಿದ್ದಾಗ ಮಗ ಹಸಿರು ಸ್ಲೈಡನ್ನು ಮರೆತ. ಮಗಳು ಹೆದರಿ ನನ್ನ ಕುತ್ತಿಗೆ ಹಿಡಿದುಕೊಂಡಳು. ಮುಂದಿನ ಸಲ ಗಂಟೆ ಬಾರಿಸಿದಾಗ ಇಬ್ಬರೂ "ಬಂತು ಬಂತು" ಎಂದು ಕಿರುಚುತ್ತ ಕೆಳಗೇ ಹೋಗಿ ನಿಂತರು. ಇದನ್ನು ಬಿಟ್ಟರೆ ಮಗಳು ಇಷ್ಟಪಟ್ಟದ್ದು ಪಾದ ಮುಳುಗುವಷ್ಟು ನೀರಿನಲ್ಲಿ ಚಿಮ್ಮುವ ಒಂದು ಕಾರಂಜಿಯನ್ನು. ಅಂಗಾಲಿನಿಂದ ಅದನ್ನು ಮುಚ್ಚುವುದು, ಬಿಡುವುದು. ಮುಚ್ಚುವುದು, ಬಿಡುವುದು. ಒಂದು ಗಂಟೆ.

ನಾಲ್ಕು ಗಂಟೆ ಹೊತ್ತಿಗೆ ಸೀಟಿ. ಮಕ್ಕಳ ಕೊಳದಿಂದ ಎಲ್ಲರೂ ಆಚೆ ಬನ್ನಿ ಎಂದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಅಷ್ಟೂ ಅಪ್ಪ ಅಮ್ಮಂದಿರು ಒಂದೇ ಸಲ ಬಗ್ಗಿ ತಮ್ಮ ತಮ್ಮ ಮಕ್ಕಳ ಹಿಂಭಾಗ ಪರೀಕ್ಷೆ ಮಾಡಿದೆವು. ನಮ್ಮದಲ್ಲ, ದೇವರು ದೊಡ್ಡವನು. ಈಜು ಡಯಾಪರ್ ಹಾಕಿದ್ದರೆ ಆಯಿತು ಎಂದು ನಾನೂ ಅಂದುಕೊಂಡಿದ್ದೆ. ಅದು ಗಟ್ಟಿಯದನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಮೂತ್ರವನ್ನು ಹೀರುವುದೇ ಇಲ್ಲ. ಗಂಟೆಗೊಮ್ಮೆ ಆಚೆ ಕರೆದು ನೋಡಬೇಕು. ಬರೀ ಗಟ್ಟಿಯಾಗಿದ್ದರೆ ಕ್ಲೋರಿನ್ ಏರಿಸಿ ಅರ್ಧ ಗಂಟೆಯಲ್ಲಿ ಕೊಳ ತೆರೆಯುತ್ತಾರೆ. ಭೇದಿಯಾದರೆ ಅದು ಬೇರೆ ಕಥೆ. ಅದರಲ್ಲಿರಬಹುದಾದ ಕ್ರಿಪ್ಟೊ ಎಂಬ ರೋಗಾಣು ಕ್ಲೋರಿನ್ ನೀರಲ್ಲೂ ವಾರಕ್ಕಿಂತ ಜಾಸ್ತಿ ಬದುಕುತ್ತದೆ. ಮಗುವಿಗೆ ಹೊಟ್ಟೆ ಕೆಟ್ಟಿದ್ದರೆ, ಕಟ್ಟಿದ ದುಡ್ಡು ಹೋದರೆ ಹೋಗಲಿ, ಹೋಗಲೇಬೇಡಿ.

ಕಣ್ಣುರಿಸುವ ಆ ವಾಸನೆ ಇದೆಯಲ್ಲ, ಅದು ಕ್ಲೋರಿನ್ ಜಾಸ್ತಿ ಆದದ್ದರಿಂದಲ್ಲ. ಕ್ಲೋರಿನ್ನು ಬೆವರಿನ ಜೊತೆ, ಮೂತ್ರದ ಜೊತೆ ಸೇರಿದಾಗ ಏಳುವ ವಾಸನೆ. ಮುಚ್ಚಿದ ಕಟ್ಟಡದಲ್ಲಿ ಗಾಳಿಯಲ್ಲೇ ನಿಲ್ಲುತ್ತದೆ. ಅದಕ್ಕೇ ಇಳಿಯುವ ಮೊದಲು ಸ್ನಾನ ಮಾಡಿ ಎಂದು ಬೋರ್ಡು ಹಾಕಿರುತ್ತಾರೆ. ಮಾಡಿದವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ.

ನೀರಿಂದ ಬಂದ ಮಕ್ಕಳ ಹಸಿವು ನೋಡಬೇಕು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಅಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಇದ್ದದ್ದು ಪಿಜ್ಜಾ ಮತ್ತು ಫ್ರೆಂಚ್ ಫ್ರೈಸ್. ಆದ್ದರಿಂದ ರೂಮಿಗೆ ಬಂದೆವು. ಚಪಾತಿ ಮೈಕ್ರೋವೇವಿನಲ್ಲಿ ಬಿಸಿಯಾಯಿತು, ಅನ್ನಕ್ಕೆ ಗೊಜ್ಜು ಕಲಸಿದೆ. ಮನೆಯಲ್ಲಿ ಅರ್ಧ ಚಪಾತಿಗೆ ಒಂದು ಗಂಟೆ ಕಥೆ ಕೇಳುವ ಮಗಳು ಒಂದೂವರೆ ತಿಂದಳು. ದಾರಿಯಲ್ಲಿ ಕೊಂಡಿದ್ದ ವಿಸ್ಕಾನ್ಸಿನ್‌ನ ಚೀಸ್ ಕರ್ಡ್ಸ್ ಕೂಡ ಇತ್ತು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಿದಾಗ ಕೀಚ್ ಎನ್ನುತ್ತದೆ. ಆ ಶಬ್ದಕ್ಕೇ ಮಗ ಒಂದು ಪೊಟ್ಟಣ ಮುಗಿಸಿದ.

ಆಮೇಲೆ ಮಕ್ಕಳು ಐಸ್ ಮಷಿನ್ ಕಂಡುಹಿಡಿದರು. ಇಲ್ಲಿನ ಹೋಟೆಲುಗಳ ಪಡಸಾಲೆಯಲ್ಲಿ ಸಾಮಾನ್ಯವಾಗಿ ಅದೊಂದು ಇರುತ್ತದೆ. ಗುಂಡಿ ಒತ್ತಿದರೆ ಗಳಗಳ ಐಸ್ ಬೀಳುತ್ತದೆ. ರೂಮಿನ ಪುಟ್ಟ ಬಕೆಟ್ ಹಿಡಿದು ಅಣ್ಣ ತಂಗಿ ಏಳು ಸಲ ಹೋಗಿ ಬಂದರು. ಕಿಟಕಿಯಾಚೆ ಎರಡು ಅಡಿ ಹಿಮ ಬಿದ್ದಿತ್ತು, ಅದು ಬೇಡ. ಇವರು ಮಾತ್ರ ಗೆದ್ದು ಬಂದವರಂತೆ ಐಸ್ ಹೊತ್ತು ತಂದು ಸಿಂಕಿಗೆ ಸುರಿದರು. ಕೆಳಗೆ ಲಾಬಿಯಲ್ಲಿ ಮಂತ್ರದಂಡ ಕೊಂಡು ಆಡುವ ಆಟ, ವಿಡಿಯೋ ಗೇಮು, ಎಲ್ಲವೂ ಬೇರೆ ದುಡ್ಡು. ಐಸ್ ಪುಕ್ಕಟೆ. ನಾನು ಬಾಯಿ ಮುಚ್ಚಿಕೊಂಡು ಏಳು ಸಲವೂ ಹಿಂದೆ ಹೋದೆ.

ಸೋಮವಾರ ಬೆಳಗ್ಗೆ ಪಾರ್ಕ್ ತೆರೆಯುತ್ತಿದ್ದಂತೆ ಹೋದದ್ದು ನಾವು ಮಾಡಿದ ಒಂದೇ ಜಾಣತನ. ದೊಡ್ಡ ಮಕ್ಕಳು ಇನ್ನೂ ಎದ್ದಿರಲಿಲ್ಲ. ಲೇಜಿ ರಿವರ್ ಎಂಬ, ಸುಮ್ನೆ ಸುತ್ತು ಹರಿಯುವ ಕಾಲುವೆಯಲ್ಲಿ ಇಬ್ಬರು ಕೂರುವ ಟ್ಯೂಬಿನಲ್ಲಿ ನಾನು, ಎದೆಯ ಮೇಲೆ ಮಗಳು. ಗಾಜಿನ ಗೋಡೆಯಾಚೆ ಹಿಮ ಬೀಳುತ್ತಿತ್ತು. ಎರಡನೇ ಸುತ್ತಿಗೆ ಅವಳು ಲೈಫ್ ಜಾಕೆಟ್ಟಿನಲ್ಲೇ ನಿದ್ದೆ ಹೋದಳು. ಎರಡು ದಿನದಲ್ಲಿ ನನಗೆ ಸಿಕ್ಕ ರಜೆ ಅಂದರೆ ಆ ಹದಿನೈದು ನಿಮಿಷ. ಅಷ್ಟರಲ್ಲಿ ಮಗನ ಒತ್ತಾಯಕ್ಕೆ ನಮ್ಮನೆಯವರು ಹಸಿರು ಸ್ಲೈಡ್ ಹತ್ತಿದರು. ಕೆಳಗೆ ಬಂದಾಗ ಮುಖ ಬಿಳಿಚಿತ್ತು. "ಹೇಗಿತ್ತಪ್ಪಾ?" ಎಂದು ಮಗ ಕೇಳಿದ. "ಏನಿಲ್ಲ ಬಿಡೋ, ಬೋರು" ಎಂದರು. ಆಮೇಲೆ ನನ್ನ ಕಿವಿಯಲ್ಲಿ, "ಇನ್ನೊಂದು ಇಂಚು ಬೆಳೆಯೋಕೆ ಇವನಿಗೆ ಎಷ್ಟು ತಿಂಗಳು ಬೇಕು?"

ಕಾರು ಹೈವೇ ಸೇರುವ ಮೊದಲೇ ಇಬ್ಬರೂ ಮಲಗಿದ್ದರು. ಮನೆ ತಲುಪಿದಾಗ ರಾತ್ರಿ, ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋದೆವು, ಒದ್ದೆ ಬಟ್ಟೆಯ ಚೀಲ ಡಿಕ್ಕಿಯಲ್ಲೇ ಉಳಿಯಿತು. ಬೆಳಗ್ಗೆ ತೆಗೆದರೆ ಮಗನ ಈಜುಚಡ್ಡಿ ಹಪ್ಪಳದಂತೆ ಸೆಟೆದು ನಿಂತಿತ್ತು. ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ಮಕ್ಕಳಿಗೆ ಶೀತ ಆಗಿಲ್ಲ ತಾನೇ ಎಂದು ಕೇಳಿದಳು. ಇಲ್ಲಮ್ಮ ಎನ್ನುವಷ್ಟರಲ್ಲಿ ನನಗೇ ಸೀನು ಬಂತು.