ತಲೆಯ ಮೇಲಿನ ಎರಡು ಚುಕ್ಕಿ

"ಮಗ ಏನು ಓದ್ತಿದ್ದಾನೆ?" ಅಂತ ಸಾಗರದಲ್ಲಿ ಯಾರಾದರೂ ಕೇಳಿದರೆ ಅಮ್ಮ ಈಗ "ಸಿಎ ಥರದ್ದೇ ಏನೋ" ಅಂದು ಮುಗಿಸಿಬಿಡುತ್ತಾಳೆ. ಮೊದಮೊದಲು "ಆಕ್ಚುವರಿಯಲ್ ಸೈನ್ಸ್" ಅಂತ ಪೂರ್ತಿ ಹೇಳುತ್ತಿದ್ದಳು. ಒಬ್ಬರು "ಓಹೋ, ಅಗ್ರಿಕಲ್ಚರಾ, ಒಳ್ಳೇದಾಯ್ತು, ತೋಟ ನೋಡ್ಕೋಬಹುದು" ಅಂದಮೇಲೆ ಆ ಸಾಹಸ ಬಿಟ್ಟಳು.

ಅಜ್ಜಿಗೆ ಮಾತ್ರ ನಾನೇ ವಿವರಿಸಿದ್ದೆ. ಯಾವ ವಯಸ್ಸಿನವರಲ್ಲಿ ವರ್ಷಕ್ಕೆ ಎಷ್ಟು ಜನ ತೀರಿಕೊಳ್ಳುತ್ತಾರೆ ಅಂತ ನೋಡಿಕೊಂಡು, ಮುಂದೆ ಕೊಡಬೇಕಾದ ದುಡ್ಡಿಗೆ ಇವತ್ತು ಎಷ್ಟು ಎತ್ತಿಡಬೇಕು ಅನ್ನೋ ಲೆಕ್ಕ, ಅಂತ. "ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮ ಜೋಯಿಸರೇ ಹೇಳ್ತಿದ್ರಲ್ಲ" ಅಂದಳು. ಜೋಯಿಸರು ಒಬ್ಬೊಬ್ಬರದ್ದು ಹೇಳುತ್ತಾರೆ. ನಮಗೆ ಯಾರೊಬ್ಬರದ್ದೂ ಗೊತ್ತಾಗುವುದಿಲ್ಲ. ಹತ್ತು ಸಾವಿರ ಜನರದ್ದು ಒಟ್ಟಿಗೆ ಕೇಳಿದರೆ ಬಾಯಿ ಬಿಡುತ್ತೇವೆ.

ನಾನಿರುವುದು ಎಡಿನ್‌ಬರಾದಲ್ಲಿ, ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಮೂರನೇ ವರ್ಷ. ಸ್ಕಾಟ್‌ಲೆಂಡಿನಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ. ಊರಿನಿಂದ 25ನೇ ನಂಬರ್ ಬಸ್ಸು ಹತ್ತಿದರೆ ರಿಕಾರ್ಟನ್ ಕ್ಯಾಂಪಸ್. 22 ತುಂಬುವವರೆಗೆ ಇಲ್ಲಿ ವಾಸವಿರುವವರಿಗೆಲ್ಲ ಬಸ್ಸು ಪುಕ್ಕಟೆ, ನಮ್ಮಂಥ ಹೊರಗಿನ ವಿದ್ಯಾರ್ಥಿಗಳಿಗೂ. ಪೌಂಡನ್ನು ರೂಪಾಯಿಗೆ ಗುಣಿಸಿ ಗುಣಿಸಿ ಸುಸ್ತಾದವನಿಗೆ ಅದೇ ದೊಡ್ಡ ಸಮಾಧಾನ.

ನಮ್ಮ ಗಣಿತ ವಿಭಾಗದ ಕಟ್ಟಡಕ್ಕೆ ಕಾಲಿನ್ ಮೆಕ್ಲಾರಿನ್ ಹೆಸರು. ಗಣಿತದ ಪುಸ್ತಕದಲ್ಲಿ ಬರುವ ಮೆಕ್ಲಾರಿನ್ ಶ್ರೇಣಿಯ ಮೆಕ್ಲಾರಿನ್ ತಾನೇ, ಅಷ್ಟೇ ಅಂದುಕೊಂಡು ಒಂದು ವರ್ಷ ಆ ಬಾಗಿಲಲ್ಲಿ ಓಡಾಡಿದೆ. ಆಮೇಲೆ ಗೊತ್ತಾಯಿತು: 1740ರ ದಶಕದಲ್ಲಿ ಇದೇ ಊರಿನ ಇಬ್ಬರು ಪಾದ್ರಿಗಳು, ರಾಬರ್ಟ್ ವ್ಯಾಲೇಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್, ಸತ್ತ ಪಾದ್ರಿಗಳ ಹೆಂಡಿರಿಗೆ ಪಿಂಚಣಿ ಕೊಡುವ ನಿಧಿಯೊಂದನ್ನು ಕಟ್ಟಿದರು. ಅದರ ಲೆಕ್ಕ ಸರಿಯಿದೆಯೇ ಅಂತ ತಿದ್ದಿ ನೋಡಿದವನು ಈ ಮೆಕ್ಲಾರಿನ್. ಬದುಕಿರುವ ಪಾದ್ರಿಗಳು 930. ವರ್ಷಕ್ಕೆ ಸರಾಸರಿ 27 ಜನ ಸಾಯುತ್ತಾರೆ. ಅವರಲ್ಲಿ 18 ಜನರ ಹೆಂಡತಿಯರು ಉಳಿಯುತ್ತಾರೆ. ಯಾವ 27 ಅಂತ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಬಂದ ಚಂದಾವನ್ನು ಬಂದ ಹಾಗೇ ಹಂಚಿ ಕೈ ಖಾಲಿ ಮಾಡಿಕೊಳ್ಳದೆ, ಗಂಟು ಕಟ್ಟಿ ಬಡ್ಡಿಗೆ ಬಿಟ್ಟು, ಅದರ ಹುಟ್ಟುವಳಿಯಿಂದ ಪಿಂಚಣಿ ಕೊಟ್ಟರು. ನಾವು ನಾಲ್ಕು ವರ್ಷ ಕಲಿಯುವುದರ ತಿರುಳು ಇಷ್ಟೇ ಅಂದರೂ ನಡೆದೀತು.

ನಮ್ಮಲ್ಲಿಯೂ ಇದು ನಿನ್ನೆ ಮೊನ್ನೆಯದಲ್ಲ. ಅಜ್ಜ ಸರ್ಕಾರಿ ಶಾಲೆಯ ಮೇಷ್ಟ್ರು. ಅವರ ಸಂಬಳದ ಚೀಟಿಯಲ್ಲಿ "ಕೆಜಿಐಡಿ" ಅಂತ ಒಂದು ಕಡಿತ ಇರುತ್ತಿತ್ತು. ಆ ಸರ್ಕಾರಿ ವಿಮಾ ಇಲಾಖೆ ಶುರುವಾಗಿದ್ದು 1891ರಲ್ಲಿ, ಮೈಸೂರು ಮಹಾರಾಜರ ಕಾಲದಲ್ಲಿ. ಅಜ್ಜ ಅದನ್ನು ಬೈದುಕೊಂಡೇ ಕಟ್ಟಿದರು.

ಈಗ ಆ ಎರಡು ಚುಕ್ಕಿಯ ಕಥೆ. ನಮ್ಮ ಪರೀಕ್ಷೆಗಳಲ್ಲಿ ಎಎಂ92 ಅನ್ನೋ ಮರಣ ಕೋಷ್ಟಕ ಬರುತ್ತದೆ. 17ನೇ ವಯಸ್ಸಿಗೆ ಹತ್ತು ಸಾವಿರ ಜನರಿಂದ ಶುರು, 60ಕ್ಕೆ ಬರುವಾಗ 9,287 ಜನ, 80ಕ್ಕೆ 5,266. ಅದರ ಪ್ರಕಾರ, ಶೇಕಡಾ 4 ಬಡ್ಡಿಯಲ್ಲಿ, 60 ವರ್ಷದವನೊಬ್ಬನಿಗೆ ಬದುಕಿರುವಷ್ಟು ಕಾಲ ಪ್ರತಿ ವರ್ಷದ ಆರಂಭದಲ್ಲಿ ಒಂದು ಪೌಂಡು ಕೊಡಬೇಕಾದರೆ ಇವತ್ತು 14.134 ಪೌಂಡು ಬೇಕು. ವರ್ಷದ ಕೊನೆಯಲ್ಲಿ ಕೊಡುವುದಾದರೆ 13.134 ಸಾಕು. ಎರಡಕ್ಕೂ ಬರೆಯುವುದು ಇಂಗ್ಲಿಷಿನ ಎ ಅಕ್ಷರವನ್ನೇ. ಮುಂಗಡ ಕೊಡುವುದಾದರೆ ಅದರ ತಲೆಯ ಮೇಲೆ ಎರಡು ಚುಕ್ಕಿ, ಅಷ್ಟೇ ವ್ಯತ್ಯಾಸ. ಕ್ಲಾಸ್ ಟೆಸ್ಟಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಪೌಂಡಿನ ಪಿಂಚಣಿ, ಮುಂಗಡವಾಗಿ ಅಂತ ಸ್ಪಷ್ಟವಾಗಿ ಕೊಟ್ಟಿದ್ದರು. ನಾನು ಚುಕ್ಕಿ ಮರೆತೆ. ಕಾಗದದ ಮೇಲೆ ನನ್ನ ಮುದುಕನಿಗೆ ಮೊದಲ ವರ್ಷದ ಪಿಂಚಣಿಯೇ ಸಿಗಲಿಲ್ಲ. ಮಾರ್ಕ್ಸೂ ಹೋಯಿತು. ದೀರ್ಘ ಬಿಟ್ಟರೆ "ಕಾಡು" "ಕಡು" ಆಗುವ ಭಾಷೆಯಲ್ಲಿ ಬೆಳೆದವನು ನಾನು. ಅಜ್ಜನ ಶಾಲೆಯಾಗಿದ್ದರೆ ಬೆತ್ತ ಖಾತ್ರಿಯಿತ್ತು.

ಇಲ್ಲಿಗೆ ಬರಲು ಯೋಚಿಸುತ್ತಿರುವ ಪಿಯುಸಿ ಹುಡುಗ ಹುಡುಗಿಯರಿಗೆ ಒಂದು ಮಾತು. ಡಿಗ್ರಿ ಮುಗಿದ ಕೂಡಲೇ ಆಕ್ಚುವರಿ, ಅಂದರೆ ಈ ಲೆಕ್ಕ ಹಾಕುವ ವೃತ್ತಿಯವರು, ಆಗುವುದಿಲ್ಲ. ಚೆನ್ನಾಗಿ ಅಂಕ ಬಂದರೆ ವೃತ್ತಿಸಂಸ್ಥೆಯ ಮೊದಲ ಹಂತದ ಕೆಲವು ಪರೀಕ್ಷೆಗಳಿಂದ ವಿನಾಯಿತಿ ಸಿಗುತ್ತದೆ. ಉಳಿದವನ್ನು ಕೆಲಸ ಮಾಡುತ್ತಾ ವರ್ಷಗಟ್ಟಲೆ ಬರೆಯುತ್ತಿರಬೇಕು. ಈ ಪರೀಕ್ಷೆಗಳನ್ನು ಭಾರತದಲ್ಲೇ ಕೂತು ಬರೆಯಬಹುದು. ಅಲ್ಲಿ ಆಕ್ಚುವರಿಗಳ ನಮ್ಮದೇ ಸಂಸ್ಥೆ ಇದೆ, ಎಸಿಇಟಿ ಅಂತ ಪ್ರವೇಶ ಪರೀಕ್ಷೆ ಇದೆ. ಸಾಲ ಮಾಡಿ ಬರುವ ಮೊದಲು ಅಪ್ಪ ಅಮ್ಮನ ಜೊತೆ ಕೂತು ಈ ಲೆಕ್ಕವನ್ನೂ ಹಾಕಿ. ನಾವು ಹಾಕಿರಲಿಲ್ಲ. ಇನ್ನೊಂದು, ಗಣಿತದಲ್ಲಿ ನೂರಕ್ಕೆ ನೂರು ಬಂದವರೂ ಇಲ್ಲಿ ಒದ್ದಾಡುವುದು ಬರವಣಿಗೆಯಲ್ಲಿ. ಉತ್ತರ ಬಂದರೆ ಸಾಲದು, ಅದನ್ನು ಗಣಿತ ಬಾರದವನಿಗೆ ಎರಡು ಪ್ಯಾರಾದಲ್ಲಿ ತಿಳಿಸು ಅನ್ನುತ್ತಾರೆ. ಷೇರು, ಆಪ್ಷನ್ನು (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು), ಅದಕ್ಕೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರ ಎಲ್ಲ ಇದೆ, ಫೈನಾನ್ಸ್ ಕಡೆಯ ಗೆಳೆಯರು ಅದರಲ್ಲೇ ಮುಳುಗಿದ್ದಾರೆ. ನನಗೆ ಪಿಂಚಣಿಯೇ ಇಷ್ಟ.

ನವೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಕ್ಲಾಸು ಮುಗಿಸಿ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಅಜ್ಜಿಯ ಫೋನು. ಕುಟುಂಬ ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೋಗಿದ್ದಳಂತೆ. ಬೆರಳಚ್ಚು ಮೂಡದೆ ಮಷಿನ್ನು ಮೂರು ಸಲ ಬೇಡ ಅಂದಿತಂತೆ, ನಾಲ್ಕನೇ ಸಲ ಒಪ್ಪಿತಂತೆ.

"ಈ ವರ್ಷಕ್ಕೂ ಬದುಕಿದ್ದೀನಿ ಅಂತ ಬರೆದುಕೊಂಡ್ರು. ನಿನ್ನ ಪುಸ್ತಕದಲ್ಲೂ ಬರೆದುಕೋ" ಅಂದಳು.

ಎಎಂ92 ಗಂಡಸರ ಕೋಷ್ಟಕ ಅಜ್ಜಿ, ಅದರಲ್ಲಿ ನೀನಿಲ್ಲ. ಹೆಂಗಸರದ್ದು ಬೇರೆ ಇದೆ, ಅದರಲ್ಲಿ ಬದುಕುಳಿಯುವವರ ಅಂಕಿ ಇನ್ನೂ ದೊಡ್ಡದು ಅಂದೆ.

"ಅದನ್ನೇ ನೋಡು ಮತ್ತೆ" ಅಂದಳು. ಅಷ್ಟರಲ್ಲಿ ಬಸ್ಸು ಬಂತು.