ಕ್ಯಾಲ್ಸಿಯಂ ಮಾತ್ರೆಯಿಂದ ಪಿಟ್ಯುಟರಿ ಗಡ್ಡೆ ಬೆಳೆಯುತ್ತಾ?

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಕೋಶಗಳಿಗೆ ಹಾರ್ಮೋನ್ ತಗುಲಿದೊಡನೆ ಒಳಗೆ ಕ್ಯಾಲ್ಸಿಯಂ ಜಿಗಿಯುತ್ತದೆ ಅಂತ ನಾನು ಬಾಯಿ ಬಿಟ್ಟರೆ ಸಾಕು, ಮುಂದಿನ ಪ್ರಶ್ನೆ ಬಂದೇ ಬರುತ್ತದೆ: “ಹಾಗಾದರೆ ಗಡ್ಡೆ ಇರುವವರು ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕಾ?” ಕೇಳುವವರ ಮನೆಯಲ್ಲೇ ಯಾರಿಗೋ ಗಡ್ಡೆ ಇರುವುದೂ ಉಂಟು. ಅದಕ್ಕೇ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಜಿಗಿತಕ್ಕೆ ಹೆದರಿ ನಿಲ್ಲಿಸಬೇಕಿಲ್ಲ. ಬೇರೆ ಕಾರಣಕ್ಕೆ ವೈದ್ಯರು ಬೇಡ ಎಂದರೆ ಆ ಮಾತು ಬೇರೆ. ಅಂಥದ್ದೊಂದು ಕಾರಣಕ್ಕೆ ಆಮೇಲೆ ಬರುತ್ತೇನೆ.

ಕೋಶದ ಹೊರಗೆ ಕ್ಯಾಲ್ಸಿಯಂಗೆ ಬರವಿಲ್ಲ. ಹೊರಗಿನ ದ್ರವದಲ್ಲಿ ಅದು 1 ಮಿಲಿಮೋಲಾರ್‌ಗಿಂತ ತುಸು ಹೆಚ್ಚು. ಸುಮ್ಮನಿರುವ ಕೋಶದೊಳಗೆ 100 ನ್ಯಾನೊಮೋಲಾರ್ ಆಸುಪಾಸು. ಹತ್ತು ಸಾವಿರ ಪಟ್ಟು ಅಂತರ! ತುಂಬಿದ ಕೆರೆಗೆ ಇನ್ನೊಂದು ಕೊಡ ಸುರಿದ ಮಾತ್ರಕ್ಕೆ ತೂಬು ತೆರೆಯುವುದಿಲ್ಲ. ತೆರೆಸುವುದು ಹಾರ್ಮೋನ್.

ಇದನ್ನು ಕಣ್ಣಾರೆ ನೋಡಬಹುದು. 1968ರಲ್ಲಿ ತಾಷ್ಜಿಯನ್ ಮತ್ತು ಸಂಗಡಿಗರು ಇಲಿಯ ಪಿಟ್ಯುಟರಿ ಗಡ್ಡೆಯಿಂದ ಬೆಳೆಸಿದ ಕೋಶಗಳ ಬಗ್ಗೆ ವರದಿ ಮಾಡಿದರು. ಆ ಬಳಗದ ಜಿಎಚ್3 ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಬೆಳವಣಿಗೆಯ ಹಾರ್ಮೋನನ್ನೂ ಪ್ರೊಲ್ಯಾಕ್ಟಿನ್ನನ್ನೂ ಸ್ರವಿಸುತ್ತವೆ. ಗಾಜಿನ ಚೂರಿಗೆ ಅಂಟಿದ ಈ ಕೋಶಗಳಿಗೆ ಫ್ಯೂರಾ-2 ಎಂಬ ಬಣ್ಣ ತುಂಬಿ ಸೂಕ್ಷ್ಮದರ್ಶಕದಡಿ ಇಡುತ್ತೇವೆ. 1985ರಲ್ಲಿ ರೋಜರ್ ಚೆನ್ ತಂಡ ವಿವರಿಸಿದ ಬಣ್ಣವಿದು. ಕ್ಯಾಲ್ಸಿಯಂ ಹಿಡಿದಾಗ 340 ನ್ಯಾನೊಮೀಟರ್ ಬೆಳಕಿಗೆ ಹೆಚ್ಚು ಹೊಳೆಯುತ್ತದೆ, 380ಕ್ಕೆ ಮಂಕಾಗುತ್ತದೆ. ಎರಡರ ಅನುಪಾತವೇ ಅಳತೆ. ಅದನ್ನು ಪರದೆಯ ಮೇಲೆ ಗೆರೆಯಾಗಿ ನೋಡುತ್ತೇವೆ. ಏನೂ ಹಾಕದಿದ್ದರೂ ಆ ಗೆರೆ ಪೂರ್ತಿ ಸಪಾಟಾಗಿರುವುದಿಲ್ಲ, ಯಾಕೆಂದರೆ ಇವುಗಳಲ್ಲಿ ಅನೇಕ ಕೋಶಗಳು ತಾವಾಗಿಯೇ ವಿದ್ಯುತ್ತಿನಿಂದ ಮಿಡಿಯುತ್ತಿರುತ್ತವೆ.

ಈಗ ಟಿಆರ್‌ಎಚ್ ಹಾಕಬೇಕು. ಮೂರೇ ಅಮೈನೊ ಆಮ್ಲಗಳ, ಮಿದುಳಿನ ಹೈಪೊಥಲಾಮಸ್‌ನ ಹಾರ್ಮೋನ್. ಕೆಲವೇ ಸೆಕೆಂಡಿನಲ್ಲಿ ಗೆರೆ ನೆಟ್ಟಗೆ ಏಳುತ್ತದೆ, ಇಳಿಯುತ್ತದೆ, ಆದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ. ತುಸು ಮೇಲೆಯೇ ಅದುರುತ್ತಾ ನಿಮಿಷಗಟ್ಟಲೆ ನಿಲ್ಲುತ್ತದೆ. ಇಜಿಟಿಎ ಎಂಬ ರಾಸಾಯನಿಕ ಹಾಕಿ ಹೊರಗಿನ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ, ಆ ಕೂಡಲೇ ಟಿಆರ್‌ಎಚ್ ಕೊಟ್ಟರೂ ಮೊದಲ ಜಿಗಿತ ಬರುತ್ತದೆ. ಎರಡನೆಯ ಹಂತ ಮಾತ್ರ ಮಾಯ.

ಮೊದಲ ಜಿಗಿತದ ಕ್ಯಾಲ್ಸಿಯಂ ಕೋಶದೊಳಗಿನ ದಾಸ್ತಾನಿನದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಟಿಆರ್‌ಎಚ್ ಗ್ರಾಹಕಕ್ಕೆ (ಕೋಶದ ಪೊರೆಯಲ್ಲಿ ಹಾರ್ಮೋನ್ ಹಿಡಿಯುವ ಪ್ರೋಟೀನ್) ಕೂತಾಗ ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವ ಚುರುಕಾಗಿ ಪೊರೆಯ ಒಂದು ಕೊಬ್ಬನ್ನು ಸೀಳುತ್ತದೆ. ಅದರಿಂದ ಬಂದ ಐಪಿ3 ಎಂಬ ಅಣು, ಆ ದಾಸ್ತಾನು ಇರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ನಾಳಗಳನ್ನು ತೆರೆಯುತ್ತದೆ. ಇಲ್ಲೊಂದು ತಮಾಷೆ ಇದೆ. ಕ್ಯಾಲ್ಸಿಯಂ ತುತ್ತತುದಿಯಲ್ಲಿರುವ ಆ ಹೊತ್ತಿನಲ್ಲೇ ಕೋಶದ ವಿದ್ಯುತ್ ಮಿಡಿತ ನಿಂತುಬಿಡುತ್ತದೆ, ಕ್ಯಾಲ್ಸಿಯಮ್ಮೇ ಕೆಲವು ಪೊಟ್ಯಾಸಿಯಂ ನಾಳಗಳನ್ನು ತೆರೆಯುವುದರಿಂದ. ಆಮೇಲೆ ಬೇರೆ ಪೊಟ್ಯಾಸಿಯಂ ನಾಳಗಳು ತಗ್ಗಿ ಮಿಡಿತ ಬಿರುಸಾಗುತ್ತದೆ, ಆ ಮಿಡಿತಕ್ಕೆ ತೆರೆದುಕೊಳ್ಳುವ ಎಲ್-ಮಾದರಿಯ ಕ್ಯಾಲ್ಸಿಯಂ ನಾಳಗಳಿಂದ ಹೊರಗಿನ ಕ್ಯಾಲ್ಸಿಯಂ ನುಗ್ಗುತ್ತದೆ. ಅದೇ ಎರಡನೆಯ ಹಂತ.

“ಹೊರಗಿನದೂ ಬಂತಲ್ಲ!” ಎಂದು ಹಿಡಿಯುವವರಿದ್ದಾರೆ, ಸರಿಯಾಗಿಯೇ ಹಿಡಿಯುತ್ತಾರೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಒಳಗೇ ಇರುತ್ತದೆ. ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ವಿಟಮಿನ್ ಡಿ ಅದನ್ನು ಅಲ್ಲಾಡಲು ಬಿಡುವುದಿಲ್ಲ. ಮಾತ್ರೆ ಅಲ್ಲಿ ತರುವ ಏರುಪೇರು, ಹತ್ತು ಸಾವಿರ ಪಟ್ಟಿನ ಆ ಅಂತರದ ಮುಂದೆ ಲೆಕ್ಕಕ್ಕಿಲ್ಲ. ಗಡ್ಡೆಗೆ ಕೊಡುವ ಔಷಧಗಳೂ ಕ್ಯಾಲ್ಸಿಯಂ ದಾಸ್ತಾನನ್ನು ಖಾಲಿ ಮಾಡಲು ಹೋಗುವುದಿಲ್ಲ. ಆಕ್ಟ್ರಿಯೊಟೈಡ್ ಸೊಮಾಟೊಸ್ಟಾಟಿನ್ ಗ್ರಾಹಕದ ಮೂಲಕ, ಕ್ಯಾಬರ್ಗೊಲಿನ್ ಡೋಪಮಿನ್ ಗ್ರಾಹಕದ ಮೂಲಕ ಕೋಶವನ್ನು ತಣ್ಣಗಾಗಿಸಿ ಸ್ರಾವ ತಗ್ಗಿಸುತ್ತವೆ.

ಇನ್ನು ಆ ಬೇರೆ ಕಾರಣ. ಎಂಇಎನ್1 ಎಂಬ ಆನುವಂಶಿಕ ತೊಂದರೆ ಇದ್ದವರಲ್ಲಿ ಪಿಟ್ಯುಟರಿ ಗಡ್ಡೆಯ ಜೊತೆಗೆ ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಹದ ತಪ್ಪಿ ರಕ್ತದ ಕ್ಯಾಲ್ಸಿಯಂ ಏರಬಹುದು. ಅಂಥವರು ಮಾತ್ರೆಯನ್ನು ತಾವೇ ನಿರ್ಧರಿಸಿ ನುಂಗಬಾರದು. ಪಿಟ್ಯುಟರಿ ಗಡ್ಡೆ ಇರುವವರಿಗೆ ವೈದ್ಯರು ಕ್ಯಾಲ್ಸಿಯಂ ಪರೀಕ್ಷೆ ಬರೆದುಕೊಟ್ಟರೆ, ಅವರು ಹುಡುಕುತ್ತಿರುವುದು ಬಹುಶಃ ಇದನ್ನೇ.